ಫ್ಲೆಕ್ಸ್ ಮೇಲಿನ ನನ್ನ ಹೊಳೆ

ಹರಿಹರ ಸ್ಟೇಷನ್ ಎದುರಿನ ಖಾನಾವಳಿಯಲ್ಲಿ ರೊಟ್ಟಿಗೆ ಕಾಯುತ್ತಾ ಗೋಡೆಯ ಫ್ಲೆಕ್ಸ್ ಓದುತ್ತಿದ್ದೆ. ತುಂಗಭದ್ರೆಯ ಬಗ್ಗೆ ಯಾರೋ ಚೆಂದ ಬರೆದಿದ್ದಾರಲ್ಲ ಅನ್ನಿಸಿತು. ಇನ್ನೊಂದು ಸಾಲು ಓದಿದಾಗ ಗೊತ್ತಾಯಿತು, ಆ ಯಾರೋ ನಾನೇ. ನನ್ನ ಬ್ಲಾಗಿನ ಬರಹ ಒಂದಕ್ಷರ ಬಿಡದೆ ಅಲ್ಲಿತ್ತು, ಹೆಸರು ಮಾತ್ರ ಇರಲಿಲ್ಲ. ಎಲ್ಲೂ ನೆಲೆ ನಿಲ್ಲದ ನನಗೆ ಆಸ್ತಿ ಅಂತ ಇರುವುದೇ ಈ ಬರಹಗಳು. ಕೂತಿರಲಾಗದೆ ಗಲ್ಲಾದ ಹತ್ತಿರ ಹೋದೆ.

“ಇದು ನಾನು ಬರೆದಿದ್ದು ರೀ.”

“ನೆಟ್ಟಿನಾಗೆ ಸಿಕ್ತಕ್ಕ. ಅಲ್ಲಿರೋದು ಎಲ್ಲಾರ್ದೂ ಅಲ್ವೇನ್ರಿ?” ಅಂದರು ಮಾಲೀಕರು.

“ನಿಮ್ಮ ಬಾಗಿಲೂ ತೆರೆದೇ ಇದೆ. ರೊಟ್ಟಿ ಎಲ್ಲರದೂ ಅಂತೀರಾ?”

“ರೊಟ್ಟಿ ತಿಂದ್ರೆ ಖಾಲಿ ಆಗ್ತಾವ್ರಿ. ನಿಮ್ ಬರಹ ಎಷ್ಟು ಜನ ಓದಿದ್ರೂ ಅಲ್ಲೇ ಐತಲ್ಲ.”

“ಬರಹ ಇದೆ, ಹೆಸರು ಹೋಗಿದೆ,” ಎಂದು ಮೊಬೈಲಿನಲ್ಲಿ ಬ್ಲಾಗ್ ತೋರಿಸಿದೆ.

ಅವರು ಬ್ಲಾಗಿನಲ್ಲಿದ್ದ ನನ್ನ ಫೋಟೋವನ್ನೂ ನನ್ನನ್ನೂ ತಾಳೆ ನೋಡಿದರು. “ತಪ್ಪಾತು ಬಿಡ್ರಿ. ದಾವಣಗೆರೆ ಪ್ರಿಂಟಿಂಗ್‌ನೋರಿಗೆ ಹೇಳಿ ಹೊಸಾದು ಹಾಕಿಸ್ತೀನಿ, ಹೆಸರು, ಫೋಟೋ ಎಲ್ಲಾ.”

“ಫೋಟೋ ಬೇಡ, ಹೆಸರು ಸಾಕು.”

“ಮುಖ ಇಲ್ದ ಫ್ಲೆಕ್ಸ್ ಯಾರು ನೋಡ್ತಾರಕ್ಕ?” ಎನ್ನುತ್ತಾ ನನ್ನ ನಂಬರ್ ಬರೆದುಕೊಂಡರು.

ಕೆಲವು ದಿನಗಳ ಮೇಲೆ, ನಾನು ಗುವಾಹಟಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಹೊಸ ಫ್ಲೆಕ್ಸಿನ ಚಿತ್ರ ವಾಟ್ಸಾಪಿಗೆ ಬಂತು. ಬರಹದ ಕೆಳಗೆ ಸಾಲಾಗಿ ಮುಖಗಳಿದ್ದವು: ಮಾಲೀಕರು, ಅವರ ಭಾವ, ವಾರ್ಡಿನ ಮೆಂಬರು, ತುದಿಯಲ್ಲಿ ಹೆಸರಿನ ಸಮೇತ ನಾನು. ಎಲ್ಲರಿಗೂ ಸೇರಿಸಿ ದಪ್ಪ ಅಕ್ಷರದಲ್ಲಿ ‘ಶುಭ ಕೋರುವವರು’ ಎಂದು ಹಾಕಿಸಿದ್ದರು.

ಕಾಪಿರೈಟ್ ಕಾನೂನು ಬರೆದವರಿಗೆ ಏನೇನೋ ಹಕ್ಕು ಕೊಟ್ಟಿದೆಯಂತೆ. ನನ್ನ ಬರಹಕ್ಕೆ ನಾನೇ ಶುಭ ಕೋರುವ ಹಕ್ಕನ್ನು ಮಾತ್ರ ಹರಿಹರದವರೇ ಕೊಟ್ಟಿದ್ದು.