ನನ್ನ ಪಾಲಿನ ಗುದ್ದು

ನನ್ನ ಎರಡೂವರೆ ವರ್ಷದ ಮಗಳು ಗಂಟಲುಬೇನೆಯಿಂದ ತೀರಿಕೊಂಡ ನಾಲ್ಕನೆಯ ತಿಂಗಳಿಗೆ ಲಕ್ಷ್ಮೇಶ್ವರದ ನನ್ನ ತವರಿನವರು ಅಣ್ಣನ ಕೂಸಿಗೆ ಹೆಸರಿಟ್ಟರು; ನನ್ನನ್ನು ಕರೆಯಲಿಲ್ಲ. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ಬಾಗಿ ಹೆಸರು ಹೇಳುತ್ತಿದ್ದಂತೆ ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ರೂಢಿ. ಆ ಕೂಸಿಗೆ ಇದ್ದ ಒಬ್ಬಳೇ ಸೋದರತ್ತೆ ನಾನು. ಕಾಗದ ಹಾಕಿದ್ದೆವು, ಮುಟ್ಟಿರಲಿಕ್ಕಿಲ್ಲ ಎಂದು ಅಣ್ಣ ಆಮೇಲೆ ಹೇಳಿಕಳಿಸಿದ. ಅದೇ ವಾರ ಅಪ್ಪ ಬರೆದ ಎರಡು ಕಾಗದಗಳು ಬೆಟಗೇರಿಯ ನನ್ನ ಗಂಡನ ಮನೆಗೆ ಮುಟ್ಟಿದ್ದವು. ಎರಡರಲ್ಲೂ ಮೆಣಸಿನಕಾಯಿಯ ಮಾತಿತ್ತು, ಕೂಸಿನ ಮಾತಿರಲಿಲ್ಲ. ಅವು ಇಂದಿಗೂ ನನ್ನ ಟ್ರಂಕಿನಲ್ಲಿವೆ.

ಆದರೆ ನಾನು ಬರೆಯಲು ಕುಳಿತದ್ದು ಒಂದು ಬೆರಳಿನ ಬಗ್ಗೆ. ನಮ್ಮ ಎದುರುಮನೆಯ ಆಯಿಯ ಬಲಗೈ ತೋರುಬೆರಳಿನ ಮೇಲೆ ಚಾಕುವಿನಿಂದ ಕೊರೆದಂತೆ ಒಂದು ಗೀರು ಇತ್ತು. ಅದು ಗಾಯದ ಗುರುತಲ್ಲ. ಮಗ್ಗದ ಮನೆಗೆ ಸೊಸೆಯಾಗಿ ಬಂದಂದಿನಿಂದ ರಾಟಿಯ ಮುಂದೆ ಕುಳಿತು ನೂಲು ಸುತ್ತಿದವಳು. ಎಳೆ ಓಡಿ ಓಡಿ ಬೆರಳಿನಲ್ಲಿ ತನ್ನ ಹಾದಿ ಮಾಡಿಕೊಂಡಿತ್ತು. ನನ್ನ ಮಗಳು ಶಾಂತಾ ದಿನದ ಅರ್ಧ ಭಾಗ ಆ ರಾಟಿಯ ಬಳಿಯೇ, ಆ ಗೀರಿನ ಮೇಲೆ ಬೆರಳಾಡಿಸುತ್ತ ಇರುತ್ತಿದ್ದಳು.

ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಆ ಹೆಸರೇ ನಿಂತುಹೋಯಿತು. ಅತ್ತೆಯವರು ಅವಳ ಅಂಗಿಗಳನ್ನು ನನ್ನನ್ನು ಕೇಳದೆ ಯಾರಿಗೋ ಕೊಟ್ಟರು. ಯಜಮಾನರು ದನಿ ತಗ್ಗಿಸಿ ಮಾತಾಡತೊಡಗಿದರು. ಓಣಿಯ ಹೆಂಗಸರು ತಮ್ಮ ಕೂಸುಗಳಿಗೆ ಸೆರಗು ಮುಚ್ಚಿಕೊಂಡು ನಮ್ಮ ಬಾಗಿಲು ದಾಟುತ್ತಿದ್ದರು. ಯಾರು ಯಾರು ಎಂಬುದು ನೆನಪಿದೆ, ಇಲ್ಲಿ ಬರೆಯುವುದಿಲ್ಲ.

ತವರಿನ ಸುದ್ದಿ ತಿಳಿದು ನಾನು ಊಟ ಬಿಟ್ಟು ಮಲಗಿದ ಮೂರನೆಯ ದಿನ ಆಯಿ ಒಳಬಂದಳು. ಕೈಯಲ್ಲಿ ಸಿಕ್ಕುಸಿಕ್ಕಾದ ನೂಲಿನ ಲಡಿ. ಜಗಳಕ್ಕೆ ಬಂದವಳಂತೆ ನಿಂತಳು.

"ನೋಡವ್ವಾ ನಿನ್ನ ಶಾಂತಾ ಮಾಡಿದ ಉದ್ಯೋಗ! ನಾ ಒಲಿ ಮುಂದ ಹೋಗೂದ ತಡ, ಲಡಿ ಎಳದು ಕೊಳ್ಳಾಗ ಹಾಕ್ಕೊಂಡು ಕುಣದಾಳ. ನಾಕ ತಿಂಗಳಾತು, ಗೂಟಕ್ಕ ಹಾಕಿಟ್ಟೇನಿ. ಯಾರು ಬಿಡಸಬೇಕಿದನ್ನ?"

"ಆಯೀ..." ಎಂದೆ.

"ಆಯಿ ಗೀಯಿ ಏನಿಲ್ಲ. ಮಗಳು ಕೆಡಿಸಿದ್ದನ್ನ ತಾಯಿ ಬಿಡಸಬೇಕು. ಏಳು, ಕುಂಡ್ರು."

ಸತ್ತ ಮಗಳ ಮೇಲೆ ದೂರು! ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿಯೇ ಎದ್ದು ಕುಳಿತು ಬಿಡಿಸತೊಡಗಿದೆ. ನಾಲ್ಕು ತಿಂಗಳಲ್ಲಿ ಅವಳ ಹೆಸರನ್ನು ಗಟ್ಟಿಯಾಗಿ ಕರೆದವಳು ಆಯಿ ಒಬ್ಬಳೇ ಎಂಬುದು ಆಮೇಲೆ ಹೊಳೆಯಿತು. ಎಳೆ ಹರಿಯದಂತೆ ಬಿಡಿಸಲು ಎರಡು ದಿನ ಹಿಡಿಯಿತು. ಒಂದು ಕಡೆ ಬೆಲ್ಲದ ಅಂಟು ಒಣಗಿತ್ತು. ತಿನ್ನುತ್ತಿದ್ದ ಕೈಯಲ್ಲಿಯೇ ಎಳೆದಿದ್ದಳು ಕಳ್ಳಿ. ಅದನ್ನು ನೀರಿನಲ್ಲಿ ನೆನೆಸಿ ಬಿಡಿಸಿದ ದಿನ ನಾನು ಹೊಟ್ಟೆ ತುಂಬ ಉಂಡೆ.

ಮರುವಾರ ಇನ್ನೊಂದು ಲಡಿ ಬಂತು, ಆಮೇಲೆ ಮತ್ತೊಂದು. ಆಯಿ ರಾಟಿ ತಿರುವುತ್ತ ಮಗಳ ಪುಂಡಾಟಗಳನ್ನೆಲ್ಲ ದೂರುತ್ತಿದ್ದಳು. ನಾನು ಮಗಳ ಪರ ವಹಿಸಿ ವಾದಿಸುತ್ತಿದ್ದೆ. ಐದನೆಯ ಲಡಿಯಲ್ಲಿ ನನಗೆ ಅನುಮಾನ ಹುಟ್ಟಿತು. ಹರಿದ ಎಳೆಗೆ ನೇಕಾರರು ಹಾಕುವಂಥ ಬಿಗಿಯಾದ ಗಂಟುಗಳು ಅದರ ತುಂಬ ಇದ್ದವು.

"ಆಯೀ, ಎರಡೂವರಿ ವರ್ಷದ ಹುಡಿಗಿ ಇಂಥಾ ಗಂಟು ಹಾಕತಾಳೇನು?"

ಆಯಿ ರಾಟಿ ನಿಲ್ಲಿಸಲಿಲ್ಲ. "ಭಾಳ ಶಾಣ್ಯಾಕಿ ಇದ್ಲವ್ವಾ. ನನ್ನ ನೋಡಿ ಕಲತಿದ್ಲು."

ನಾನು ನಕ್ಕೆ. ಮಗಳು ಹೋದ ಮೇಲೆ ಅದೇ ಮೊದಲ ಸಲ. ಒಂದು ಎಳೆಯನ್ನೂ ಕಸಕ್ಕೆ ಬಿಡದ ಆ ಮುದುಕಿ ನನಗಾಗಿ ತನ್ನ ನೂಲನ್ನು ತಾನೇ ಕೆಡಿಸಿ ತರುತ್ತಿದ್ದಳು.

ಕೆಲವು ತಿಂಗಳಿಗೆ ಆಯಿಯ ಸೊಸೆ ಹೆಣ್ಣು ಹೆತ್ತಳು. ತಾಯಿಯಿಲ್ಲದ ಹುಡುಗಿಯಾದ್ದರಿಂದ ಬಾಣಂತನ ಗಂಡನ ಮನೆಯಲ್ಲಿಯೇ ಆಯಿತು. "ನನ್ನ ಮಗಗ ಅಕ್ಕತಂಗೇರಿಲ್ಲ. ಅತ್ತಿ ನೀನ ಆಗಬೇಕು" ಎಂದಳು ಆಯಿ. ನಾನು ಒಲ್ಲೆನೆಂದೆ. ಕೈ ಹಿಡಿದು ಕರೆದೊಯ್ದಳು. ತೊಟ್ಟಿಲ ಬಳಿ ಸೊಸೆಯ ಚಿಕ್ಕಮ್ಮ ಅಡ್ಡ ನಿಂತಳು.

"ಆಕಿ ಕೂಸು ಹೋಗಿ ವರ್ಷ ಆಗಿಲ್ಲ. ಬ್ಯಾರೆ ಯಾರನ್ನರ ಕರೀರಿ."

ಆಯಿ ದನಿ ಏರಿಸಲಿಲ್ಲ. "ನನ್ನವು ಮೂರು ಹೋಗ್ಯಾವು, ಬೀಗತೀ. ಹಂಗಾರ ನಾನೂ ಈ ಕೂಸಿನ್ನ ಮುಟ್ಟಬಾರದಲ್ಲ? ಇಬ್ಬರೂ ಹೊರಗ ಹೊಕ್ಕೇವಿ. ಬಂದವರಿಗೆ ಹುಗ್ಗಿ ನೀವ ಬಡಸ್ರಿ."

ಆ ಮೂರರ ಮಾತನ್ನು ಆಯಿ ನನ್ನೆದುರು ಆಡಿದ್ದು ಅದೊಂದೇ ಸಲ. ಚಿಕ್ಕಮ್ಮ ಸರಿದು ದಾರಿ ಬಿಟ್ಟಳು.

ನಾನು ಕೂಸನ್ನು ಎತ್ತಿಕೊಂಡು, ಬಾಗಿ, ಕಿವಿಯಲ್ಲಿ ಹೆಸರು ಹೇಳಿದೆ. ಬೆನ್ನಿಗೆ ಯಾರ ಕೈಯೂ ತಾಗಲಿಲ್ಲ. ದುಃಖದವಳನ್ನು ಗುದ್ದುವುದು ಹೇಗೆಂದು ಹೆಂಗಸರು ಹಿಂಜರಿದಿದ್ದರು.

"ಏನ್ ಗ್ವಾಡಿ ಹಂಗ ನಿಂತೀರಿ? ಗುದ್ರಿ! ಅತ್ತಿ ಆಗಾಕ ಬಂದಾಳ, ಪುಕ್ಕಟ ಬಿಡ್ತೀರೇನು?" ಎಂದು ಕೂಗಿ ಆಯಿ ತಾನೇ ಮೊದಲ ಗುದ್ದು ಹಾಕಿದಳು. ಆಮೇಲೆ ಹತ್ತು ಮುಷ್ಟಿಗಳು ಬಿದ್ದವು. ನಾನು ಗಟ್ಟಿಯಾಗಿ ಅತ್ತೆ, ಅಳುತ್ತಲೇ ನಕ್ಕೆ. ಕೂಸನ್ನು ಮಾತ್ರ ಕೆಳಗಿಡಲಿಲ್ಲ. ಮನೆಗೆ ಬಂದು, ನೋಯುವ ಬೆನ್ನು ಮೇಲಾಗಿ ಮಲಗಿ, ಹಾಡುಹಗಲಲ್ಲಿ ಗಾಢವಾಗಿ ನಿದ್ದೆ ಮಾಡಿದೆ. ಎದ್ದು ಮೊದಲು ಯಜಮಾನರಿಗೆ ಹೇಳಿದ್ದು, "ನಮ್ಮ ಶಾಂತಾನ ಹೆಸರಿಟ್ಟಾಗ ನಿಮ್ಮ ಅಕ್ಕಗ ಇಷ್ಟು ಬಿದ್ದಿರಲಿಲ್ಲ ನೋಡ್ರಿ." ಅವರೂ ಆ ಹೆಸರೆತ್ತಿ ಮಾತಾಡಿದರು.

ಅಣ್ಣ ಏಕೀಕರಣದ ಚಳವಳಿಯಲ್ಲಿದ್ದವನು. ಚದುರಿಹೋದ ಕನ್ನಡದ ಮಕ್ಕಳು ಒಂದೇ ಮಡಿಲಿಗೆ ಬರಬೇಕೆಂದು ಶಿರಹಟ್ಟಿ, ಮುಂಡರಗಿಗಳಲ್ಲಿ ಭಾಷಣ ಮಾಡುತ್ತಿದ್ದ. ನಾಡು ಒಂದಾದ ಮರುದಿನ ಪೇಢೆ ಹಿಡಿದುಕೊಂಡು ನಮ್ಮ ಮನೆಗೆ ಬಂದ. "ಎಲ್ಲಾರೂ ಒಂದಾದಿವಿ, ತಂಗೀ" ಎಂದ. ಕಟ್ಟೆಯ ಮೇಲಿದ್ದ ಆಯಿ ಪೇಢೆಯನ್ನು ಬಾಯಿಗೆ ಹಾಕಿಕೊಂಡು, ಪೂರ್ತಿ ನುಂಗಿ, ಕೇಳಿದಳು: "ಭಾಳ ಛಲೋ ಆತ್ರಿ. ಇನ್ನಮ್ಯಾಲೆ ಲಕ್ಷ್ಮೇಶ್ವರದ ಕಾಗದ ಬೆಟಗೇರಿಗೆ ಮುಟ್ಟತಾವೇನ್ರಿ?"

ಅಣ್ಣ ತಲೆಯ ಮೇಲಿನ ಟೊಪ್ಪಿಗೆಯನ್ನು ತೆಗೆದು ಮತ್ತೆ ಇಟ್ಟುಕೊಂಡ.

ಆಯಿ ಹೋಗಿ ಬಹಳ ವರ್ಷಗಳಾದವು. ಕೊನೆಯ ದಿನ ಅವಳ ಕೈ ಹಿಡಿದು ಕುಳಿತಿದ್ದಾಗ, ಮಗಳು ಮಾಡುತ್ತಿದ್ದಂತೆ ನಾನೂ ಆ ಗೀರಿನ ಮೇಲೆ ಬೆರಳಾಡಿಸಿದೆ. ನಾನು ಹೆಸರಿಟ್ಟ ಆ ಕೂಸು ಈಗ ಅಜ್ಜಿ. ನನ್ನನ್ನು ಇಂದಿಗೂ "ಅತ್ತೀ" ಎನ್ನುತ್ತಾಳೆ. ಅವಳ ನಂತರ ಆ ಓಣಿಯ ಹನ್ನೊಂದು ಕೂಸುಗಳಿಗೆ ನಾನೇ ಅತ್ತೆಯಾದೆ, ಹನ್ನೊಂದು ಸಲವೂ ಗುದ್ದಿಸಿಕೊಂಡೆ.

ತವರಿನವರೇ, ಕಾಗದದ ಮಾತನ್ನು ಇನ್ನು ಬಿಟ್ಟುಬಿಡುತ್ತೇನೆ. ಇಷ್ಟು ಹೇಳಿ: ಆ ದಿನ ನನ್ನ ಪಾಲಿಗೆ ಬರಬೇಕಾಗಿದ್ದ ಗುದ್ದುಗಳನ್ನು ಯಾರ ಬೆನ್ನಿಗೆ ಕೊಟ್ಟಿರಿ?