ಎದುರಿನ ಎಲೆ

ಇವತ್ತು ತ್ರಿಪ್ಲಿಕೇನಿನ ಮೆಸ್ಸೊಂದರಲ್ಲಿ ಊಟಕ್ಕೆ ಕೂತಿದ್ದೆ. ಬಿಸಿ ಅನ್ನ ಬಿದ್ದ ಬಾಳೆಲೆಯ ವಾಸನೆಗೆ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ ಕವಿ. ಇದೇ ಬೀದಿಯ ಲಾಡ್ಜಿನಲ್ಲಿ ಒಬ್ಬರೇ ಇದ್ದರು. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದರೆ, ಎಲೆ ಮಡಚುವ ಮುಂಚೆ ಹೊಸ ಕವಿತೆ ಹೇಳುವುದು ಅವರ ರೂಢಿ. ವಾರವಿಡೀ ಬರೆದು ಹೊಡೆದುಹಾಕಿ, ಬರೆದು ಹೊಡೆದುಹಾಕಿ ಎರಡೇ ಸಾಲು ಉಳಿಸಿಕೊಂಡಿರುತ್ತಿದ್ದರು. ಅಷ್ಟರಲ್ಲಿ ಅಪ್ಪ ಕೈತೊಳೆಯಲು ಎದ್ದುಬಿಡುತ್ತಿದ್ದರು. ಕೇಳುವವಳು ನಾನೊಬ್ಬಳೇ. ಒಂದು ಭಾನುವಾರ ಹೇಳಿದರು:

"ಎದುರಿನ ಎಲೆಗೆ ನೀರು ಚಿಮುಕಿಸಿದ್ದಾರೆ.
ಕೂರುವವರು ಬಂದಿಲ್ಲ."

"ಅವ್ಳೋದಾನಾ ದೊಡ್ಡಪ್ಪಾ?" ಎಂದೆ. ಇಷ್ಟೇನಾ ಎಂದು ಕೇಳಲು ನನ್ನ ಬಾಯಿಗೆ ಶಾಲೆಯ ತಮಿಳೇ ಮೊದಲು ಬರುತ್ತಿತ್ತು.

"ಅಷ್ಟೇ ಮಾರಾಯ್ತಿ. ಬೇಜಾರು ಅಂತ ಬರೀಬಾರ್ದು. ಎಲೆ ತೋರಿಸಿದ್ರೆ ಸಾಕಾಗ್ತದೆ."

ನನಗೆ ಬರೀ ಎಲೆ ಕಂಡಿತು. ಅವರ ಕನ್ನಡ ಕವಿತೆಗಳಿಗೆ ಈ ತಮಿಳರ ಊರಿನಲ್ಲಿ ಸಿಕ್ಕ ವಿಮರ್ಶೆಯೆಂದರೆ ನನ್ನ ಆ ಪ್ರಶ್ನೆ ಮಾತ್ರ.

ಇವತ್ತು ಬಡಿಸುವವನು ನನ್ನೆದುರಿನ ಖಾಲಿ ಜಾಗಕ್ಕೂ ಎಲೆ ಹಾಕಿ, ನೀರು ಚಿಮುಕಿಸಿ, ಜೊತೆಗೆ ಯಾರಾದರೂ ಬರುತ್ತಾರಾ ಎಂದು ತಮಿಳಿನಲ್ಲಿ ಕೇಳಿದ.

"ಯಾರುಂ ಇಲ್ಲೆ" ಎಂದೆ.

ಅವನು ಆ ಎಲೆಯನ್ನು ಎತ್ತಿ ಪಕ್ಕದ ಮೇಜಿಗೆ ಹಾಕಿದ. ಎದುರಿಗೆ ಜಾರಿಬಿದ್ದ ನೀರಷ್ಟೇ ಉಳಿಯಿತು.