ಮುಖ ಗುರುತಾದ ತಪ್ಪಿಗೆ

ಬೀದಿದೀಪಗಳು ಇನ್ನೂ ಆರಿಲ್ಲ. ಹಳೆಯ ಗೋದಾಮೊಂದರೊಳಗೆ ಕಟ್ಟಿದ ಆಸ್ಪತ್ರೆಯ ಕಾರಿಡಾರಿನಲ್ಲಿ, ಸ್ಟ್ರೆಚರಿನ ಮೇಲೆ, ಬಿಳಿ ಬಟ್ಟೆಯಡಿ ನರ್ಸಮ್ಮ ಸತ್ತು ಮಲಗಿದ್ದಾರೆ. ಈ ಆಸ್ಪತ್ರೆಗೆ ಮೂರೇ ಗೋಡೆ. ನಾಲ್ಕನೆಯದರ ಜಾಗದಲ್ಲಿ ಕ್ಯಾಮೆರಾ. ಧಾರಾವಾಹಿಯ ಪ್ರಕಾರ ಸತ್ತಿರುವುದು ನಾಯಕನ ತಾಯಿ. ಆ ಪಾತ್ರದ ನಟಿ ಮನೆಯಲ್ಲಿ ಸುಖನಿದ್ರೆಯಲ್ಲಿದ್ದಾರೆ. ಮುಖ ಕಾಣದ ಹೆಣಕ್ಕೆ ಅವರೇ ಏಳಬೇಕೆಂದೇನೂ ಇಲ್ಲವಲ್ಲ.

ಶಾಟ್ ಮುಗಿದ ಮೇಲೆ ನರ್ಸಮ್ಮ ಎದ್ದು ಕೂತು, ಮರಗಟ್ಟಿದ ಕಾಲು ತಿಕ್ಕಿಕೊಳ್ಳುತ್ತ, ಪತ್ರಿಕೆಗೆಂದು ಮಾತಾಡಿಸಲು ಬಂದವರಿಗೆ ಹೇಳುತ್ತಾರೆ. "ಹೊಟ್ಟೆ ಅಲ್ಲಾಡಬಾರ್ದು, ಅದೇ ಕಷ್ಟ. ಮಗ ಬಂದು ಮೈಮೇಲೆ ಬಿದ್ದು ಅಳ್ತಾನಲ್ಲ, ಆಗ ಉಸಿರು ಎಳ್ಕೋಬಹುದು. ಜೋರಾಗಿ ಅಳೋ ಹೀರೋ ಆದ್ರೆ ಆರಾಮ. ಮೆತ್ತಗೆ ಅಳೋನು ಸಿಕ್ಕಿದ್ರೆ ನಿಜವಾಗ್ಲೂ ಪ್ರಾಣ ಹೋಗುತ್ತೆ."

ಇವರ ಗಂಡ ಇಂಥ ಸೆಟ್ಟುಗಳನ್ನು ಕಟ್ಟುತ್ತಿದ್ದ ಬಡಗಿ. ಎಲ್ಲಿಗೂ ಹೋಗದ ಮೆಟ್ಟಿಲೊಂದಕ್ಕೆ ಮೊಳೆ ಹೊಡೆಯುತ್ತಿದ್ದಾಗ ಮೇಲಿಂದ ಬಿದ್ದು ತೀರಿಕೊಂಡರು. ನೆರೆದವರೆಲ್ಲ ಹೆಂಡತಿಯ ಮುಖವನ್ನೇ ನೋಡುತ್ತಿದ್ದರಂತೆ. "ನಂಗೆ ಒಂದು ಹನಿ ಕಣ್ಣೀರೂ ಬರ್ಲಿಲ್ಲ. ಟೀವೀಲಿ ಹಂಗೆ ತೋರ್ಸಿದ್ರೆ ಯಾರೂ ಒಪ್ಪಲ್ಲ" ಎನ್ನುತ್ತಾರೆ. ಧಾರಾವಾಹಿಗಳಿಗೆ ಸಣ್ಣಪುಟ್ಟ ಪಾತ್ರದ ಜನರನ್ನು ಒದಗಿಸುವ ಏಜೆಂಟ್ ಮರುಕಪಟ್ಟು, ಕೈಗೊಂದು ಟ್ರೇ ಕೊಟ್ಟು ಡಾಕ್ಟರ ಹಿಂದೆ ನಡೆಸಿದ. ಅಂದಿನಿಂದ ನರ್ಸಮ್ಮ.

ಈ ಕಸುಬಿನಲ್ಲಿ ಕಣ್ಣಿಗೆ ಬೀಳಬೇಕು, ನೆನಪಿನಲ್ಲಿ ಉಳಿಯಬಾರದು. ವರ್ಷಗಟ್ಟಲೆ ನರ್ಸಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಒಂದೇ ಧಾರಾವಾಹಿಯಲ್ಲಿ ಯಜಮಾನನಿಗೆ ವಿಷದ ಇಂಜೆಕ್ಷನ್ ತಂದುಕೊಟ್ಟರು, ಅವನ ಹೆಣದ ಮುಂದೆ ಬಿಕ್ಕಿದರು, ಕೊಲೆಯ ವಿಚಾರಣೆಯಲ್ಲಿ ಕೋರ್ಟಿನ ಟೈಪಿಸ್ಟಾದರು, ಅವನ ವಿಧವೆಯ ಮರುಮದುವೆಯಲ್ಲಿ ಎರಡನೇ ಸಾಲಿನಲ್ಲಿ ನಿಂತು ನಕ್ಕರು. ಯಾರೂ ಏನೂ ಕೇಳಲಿಲ್ಲ.

ಕೇಳುವವರು ಮನೆಯಲ್ಲೇ ಇದ್ದರು. ಸೊಂಟ ಹಿಡಿದುಕೊಂಡು ಮೂಲೆ ಸೇರಿರುವ ಅತ್ತೆ ಧಾರಾವಾಹಿಗಳ ಪಾಲಿಗೆ ಸರ್ಕಾರಿ ವಕೀಲರಿದ್ದಂತೆ. ಬಾಗಿಲು ಹಾರುಹೊಡೆದು ಗುಟ್ಟು ಮಾತಾಡುತ್ತಾರಲ್ಲ, ಇವರ ಮನೆಗೆ ಚಿಲಕವಿಲ್ಲವೇ? ವಿಷದ ಲೋಟ ಮನೆಮಂದಿಯ ಕೈಯೆಲ್ಲ ಸುತ್ತುತ್ತದೆ, ಒಬ್ಬರಿಗೂ ಬಾಯಾರಿಕೆಯಾಗುವುದಿಲ್ಲವೇ? ತಕರಾರಿಲ್ಲದ್ದು ಸೊಸೆಯ ವಿಷಯದಲ್ಲಿ ಮಾತ್ರ. ಒಂದು ಸಂಜೆ ಪಕ್ಕದ ಮನೆಯ ಹುಡುಗಿಯನ್ನು ಕೂರಿಸಿಕೊಂಡು ಹೆಮ್ಮೆಯಿಂದ ತೋರಿಸಿದರು: "ನೋಡೇ, ವಿಷ ಕೊಟ್ಟೋಳೂ ನಮ್ಮವಳೇ, ಹೆಣದ ಮುಂದೆ ಅತ್ತೋಳೂ ನಮ್ಮವಳೇ, ಕೋರ್ಟಲ್ಲಿ ಬರ್ಕೊಳ್ಳೋಳೂ ನಮ್ಮವಳೇ."

ಹುಡುಗಿಗೆ ನಗು ತಡೆಯಲಾಗಲಿಲ್ಲ. ತುಣುಕುಗಳನ್ನೆಲ್ಲ ಜೋಡಿಸಿ, 'ಕೊಲೆಗಾರ್ತಿ ಸಿಕ್ಕಿಬಿದ್ದಳು' ಎಂದು ಹೆಸರಿಟ್ಟು ಫೋನಿನಲ್ಲಿ ಹರಿಬಿಟ್ಟಳು. ಕೆಟ್ಟ ಮನಸ್ಸಿನಿಂದಲ್ಲ. ಆದರೆ ಸತ್ತ ನಾಯಕ ಬೇರೆ ಮುಖ ಹೊತ್ತು ಬಂದಾಗಲೂ ತೆಪ್ಪಗಿದ್ದ ವೀಕ್ಷಕರು ಈಗ ಒಮ್ಮೆಲೇ ಎಚ್ಚೆತ್ತು, ಆ ನರ್ಸನ್ನು ಇನ್ನೂ ಯಾಕೆ ಬಂಧಿಸಿಲ್ಲ ಎಂದು ಕೇಳತೊಡಗಿದರು. ವಾಹಿನಿಯವರೂ ತಡಮಾಡಲಿಲ್ಲ. ಕಥೆ ಬದಲಿಸುವುದಕ್ಕಿಂತ ಟ್ರೇ ಹಿಡಿಯುವವಳನ್ನು ಬದಲಿಸುವುದು ಸುಲಭ.

"ನಿನ್ನ ಮುಖ ಜನಕ್ಕೆ ಗೊತ್ತಾಗ್ಬಿಡ್ತಲ್ಲಮ್ಮ," ಎಂದನಂತೆ ಏಜೆಂಟ್. "ಹೀರೋಯಿನ್‌ಗಾದ್ರೆ ಅದು ಭಾಗ್ಯ. ನಿಂಗೆ ಕಾಯಿಲೆ."

ಆಮೇಲೆ ಕರೆ ಬರುವುದೇ ನಿಂತಿತು. ನಿಜವಾದ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ಕೆಲಸ ಕೇಳಲು ಹೋದರು. ಅಲ್ಲಿಯವರು ಗುರುತು ಹಿಡಿದು, ಜೊತೆಗೆ ನಿಂತು ಫೋಟೊ ತೆಗೆಸಿಕೊಂಡರು, ಕೆಲಸ ಕೊಡಲಿಲ್ಲ. ಅಕ್ಕಿ ಡಬ್ಬ ತಳ ಕಂಡ ಮೇಲೆ ಏಜೆಂಟನ ಬಾಗಿಲಲ್ಲಿ ಕೂತು, ಮುಖ ಬೇಡದ ಕೆಲಸವೇನಾದರೂ ಇದ್ದರೆ ಕೊಡಿ ಎಂದರು. ಹಾಗೆ ಸಿಕ್ಕಿದ್ದು ಹೆಣ. ವಾರಕ್ಕೆ ಎರಡೋ ಮೂರೋ ಸಾವು; ಯಾರೂ ಸಾಯದ ವಾರ ಒಲೆಗೆ ರಜೆ. "ಸೆಟ್ಟಲ್ಲಿ ಹೆಣಕ್ಕೆ ಊಟಾನೂ ಕೊನೇಲೇ ಹಾಕ್ತಾರೆ" ಎಂದು ನಗುತ್ತಾರೆ.

ಅತ್ತೆಗೆ ಇದೊಂದೂ ಗೊತ್ತಿಲ್ಲ. ಆಸ್ಪತ್ರೆ ತುಂಬ ಡಾಕ್ಟರುಗಳು, ನಮ್ಮ ನರ್ಸ್ ಮಾತ್ರ ಎಲ್ಲಿ, ಇದೆಂಥ ಕಥೆ ಎಂದು ದಿನವೂ ಟೀವಿಯನ್ನು ಬೈಯುತ್ತಾರೆ. ಪಾತ್ರಕ್ಕೆ ಬೇರೆ ಊರಿಗೆ ವರ್ಗವಾಗಿದೆ ಎಂದು ಸೊಸೆ ಸಮಾಧಾನ ಹೇಳಿದ್ದಾರೆ. ಇಷ್ಟು ಸಡಿಲವಾದ ಕಥೆಯನ್ನು ಆ ವಕೀಲರು ಹೇಗೆ ನಂಬಿದರೋ.

"ಅವರ ಖುಷಿಯಿಂದ್ಲೇ ಹಿಂಗಾಯ್ತು ಅಂತ ಹೆಂಗೆ ಹೇಳ್ಲಿ? ಹೇಳಿದ್ರೆ ಟೀವಿ ನೋಡೋದೇ ಬಿಟ್ಬಿಡ್ತಾರೆ. ಅವರಿಗೆ ಉಳಿದಿರೋದು ಅದೊಂದೇ."

ಹಾಗಿದ್ದರೆ ಇದೆಲ್ಲ ಪತ್ರಿಕೆಯಲ್ಲಿ ಬಂದರೆ? ನರ್ಸಮ್ಮ ಅದನ್ನೂ ಯೋಚಿಸಿಟ್ಟಿದ್ದಾರೆ. ಅತ್ತೆಗೆ ಓದು ಬಾರದು. ಓದಿ ಹೇಳಬೇಕಾದವಳು ಪಕ್ಕದ ಮನೆಯ ಆ ಹುಡುಗಿಯೇ. ಆ ಭಾಗವನ್ನು ಅವಳಾಗಿಯೇ ಹಾರಿಸುತ್ತಾಳೆ.

ಮುಂದಿನ ಶಾಟಿಗೆ ಯಾರೋ ಹೆಣವನ್ನು ಕೂಗುತ್ತಾರೆ. ಪತ್ರಿಕೆಯ ಛಾಯಾಗ್ರಾಹಕ ಕ್ಯಾಮೆರಾ ಎತ್ತುತ್ತಿದ್ದಂತೆ ನರ್ಸಮ್ಮ ತಟ್ಟನೆ ಎದ್ದು ತಿರುಗಿ, ಸ್ಟ್ರೆಚರಿನತ್ತ ಮುಖಮಾಡಿ ನಿಲ್ಲುತ್ತಾರೆ.

"ಹಿಂದಿನಿಂದ ತೆಗೀರಿ. ಅತ್ತೆ ನನ್ನ ಬೆನ್ನು ನೋಡಿದ್ರೂ ಗುರುತು ಹಿಡೀತಾರೆ. ಬೇರೆ ಯಾರಿಗೂ ಗೊತ್ತಾಗೋದು ಬೇಡ."